ಮಣ್ಣಜ್ಜನ ಮೀಸೆ

ಹೆಯ್‌ಗೌ ಹಳ್ಳಿ, ಲಿಂಟೊಂಗ್
ಮಾರ್ಚ್ 8, 1982

ತಂಗಿ ಲಾಮೇಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಗಂಡ ಹೋದ ಮೇಲೆ ರೈಲ್ವೆಯವರು ಕ್ವಾರ್ಟರ್ಸ್ ಖಾಲಿ ಮಾಡು ಎನ್ನುತ್ತಿದ್ದಾರೆ, ಚಳಿಗಾಲಕ್ಕೆ ಮೊದಲು ಊರಿಗೆ ಬಂದು ಅಮ್ಮನ ಪೂರ್ವದ ಕೋಣೆಯಲ್ಲಿ ಇದ್ದುಬಿಡಲೇ ಎಂದು ಕೇಳಿದ್ದೀಯ. ಓದಿ ಕಣ್ಣಲ್ಲಿ ನೀರು ಬಂತು. ಕ್ವಾನ್‌ಯಿನ್ ತಾಯಿ ನಿನ್ನ ಕೈಬಿಡುವುದಿಲ್ಲ.

ಆದರೆ ಆ ಕೋಣೆಯ ಸ್ಥಿತಿಯನ್ನು ನಾನು ಹೇಳಲೇಬೇಕು. ಅಮ್ಮ ಚಳಿಗೆ ಕೆಳಗೆ ಬೆಂಕಿ ಹಾಕಿ ಮಲಗುತ್ತಿದ್ದ ಇಟ್ಟಿಗೆ ಮಂಚದ ಮೇಲೆ ಈಗ ಅಚ್ಚುಗಳು ಮಲಗಿವೆ. ಕಾಲಿನ ಅಚ್ಚು, ಎದೆಯ ಅಚ್ಚು, ಕೈ ಅಚ್ಚು. ನಮ್ಮೂರಲ್ಲಿ ಯಾರು ಬಾವಿ ತೋಡಿದರೂ ಮಣ್ಣಿನ ಕೈಕಾಲು ಸಿಗುತ್ತಿತ್ತಲ್ಲ, ನೀರು ಬತ್ತಿಸುವ ಪೀಡೆ ಎಂದು ದೊಡ್ಡವರು ಕೋಲಿನಿಂದ ಹೊಡೆದು ಒಡೆಯುತ್ತಿದ್ದರಲ್ಲ, ಅವನ್ನು ನೋಡಲು ಈಗ ದೇಶದೇಶದವರು ಬಸ್ಸು ತುಂಬಿಕೊಂಡು ಬರುತ್ತಾರೆ. ಹಳೇ ಚಕ್ರವರ್ತಿಯ ಸಮಾಧಿ ಕಾಯುವ ಸೈನ್ಯವಂತೆ. ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಊರವರೇ ಸೇರಿ ಮೊಣಕಾಲುದ್ದದ ಸೈನಿಕರನ್ನು ಮಾಡಿ ಮಾರುತ್ತಿದ್ದೇವೆ. ಮೈ ಅಚ್ಚಿನಿಂದ ಬರುತ್ತದೆ. ಮುಖಕ್ಕೆ ಮಾತ್ರ ಕೈಯೇ ಬೇಕು, ಒಬ್ಬನಿದ್ದಂತೆ ಇನ್ನೊಬ್ಬ ಇರಕೂಡದು. ಆ ಕೆಲಸ ನಿನ್ನ ಭಾವನದು. ಅವರು ತಿದ್ದಿದ ಮುಖಕ್ಕೆ ಮೀಸೆ ಅಂಟಿಸುವುದು ನನ್ನ ಕೆಲಸ. ಮಣ್ಣನ್ನು ಹೊಸೆದು ರಾಡಿ ಸವರಿ ಮೂಗಿನ ಕೆಳಗೆ ಒತ್ತಬೇಕು. ಐವತ್ತು ವರ್ಷ ಬದುಕಿ ಗಂಡಸರ ಮೀಸೆ ತಿರುವುವ ಭಾಗ್ಯ ಬಂತು ನೋಡು.

ಹಾಗಾಗಿ ಜಾಗವಿಲ್ಲ. ನಿನ್ನ ಭಾವನೂ ಅದನ್ನೇ ಹೇಳಿದರು. ಮುಂದೆ ನೋಡೋಣ.

ನಿನ್ನ ಅಕ್ಕ,
ಯೂಝೆನ್


ರೈಲ್ವೆ ವಸತಿ, ಹಾಮಿ
ಮಾರ್ಚ್ 27, 1982

ಅಕ್ಕನಿಗೆ ನಮಸ್ಕಾರ.

ಅಚ್ಚುಗಳ ಜೊತೆ ಮಲಗುವುದು ನನಗೇನೂ ಕಷ್ಟವಲ್ಲ. ಇಲ್ಲಿ ಮರಳಿನ ಜೊತೆ ಹದಿನಾರು ವರ್ಷ ಮಲಗಿದ್ದೇನೆ. ಗಾಳಿ ಬೀಸಿದ ದಿನ ಗಂಜಿ ಬಟ್ಟಲಿನಲ್ಲೂ ಮರಳು, ಹಾಸಿಗೆಯಲ್ಲೂ ಮರಳು. ನಿನ್ನ ಸೈನಿಕರು ಕಡೇಪಕ್ಷ ಗೊರಕೆ ಹೊಡೆಯುವುದಿಲ್ಲವಲ್ಲ.

ಭಾವ ಜಾಗವಿಲ್ಲ ಎಂದರೇ? ಅವರು ಹಾಗೆ ಹೇಳುವ ಜನವಲ್ಲ ಅಂದುಕೊಂಡಿದ್ದೆ. ಇರಲಿ, ವಯಸ್ಸಾಗುತ್ತಾ ಮನುಷ್ಯರು ಬದಲಾಗುತ್ತಾರೆ.

ಒಣದ್ರಾಕ್ಷಿ, ಒಣಗಿಸಿದ ಕರ್ಬೂಜದ ಹೋಳು ಕಳಿಸಿದ್ದೇನೆ. ಭಾವನಿಗೆ ಸಿಹಿ ಇಷ್ಟ, ನೀನೊಬ್ಬಳೇ ತಿನ್ನಬೇಡ. ಅವರು ಮುಖ ಮಾಡುವ ಕೆಲಸಕ್ಕೆ ಕೂತಿದ್ದಾರೆ ಎಂದು ತಿಳಿದು ತುಂಬ ಸಂತೋಷವಾಯಿತು. ಅವರನ್ನು ಒಂದು ಮಾತು ಕೇಳು, ಆಯಿತಾ ಅಂತ. ಅಷ್ಟು ಕೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಲಾಮೇ


ಚಿಂಗ್‌ಮಿಂಗ್ ಹಬ್ಬದ ದಿನ, 1982
(ಅಮ್ಮನ ಸಮಾಧಿಯ ಮುಂದೆ ಕಾಗದದ ಹಣದ ಜೊತೆ ಸುಡುವುದಕ್ಕೆ)

ಅಮ್ಮಾ,

ನಿನಗೆ ಊದುಬತ್ತಿ, ಹಬೆಯ ರೊಟ್ಟಿ, ಹೊಸ ಚಪ್ಪಲಿ ತಂದಿದ್ದೇನೆ. ಜೊತೆಗೆ ನನ್ನ ಹೊಟ್ಟೆಯ ಕಿಚ್ಚನ್ನೂ ತಂದಿದ್ದೇನೆ, ಅದೂ ಇದರೊಂದಿಗೆ ಸುಟ್ಟುಹೋಗಲಿ. ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ ಇದು.

ಲಾಮೇ ಮನೆಗೆ ಬರುತ್ತೇನೆ ಎನ್ನುತ್ತಾಳೆ. ನಾನು ಬೇಡ ಎನ್ನುತ್ತಿದ್ದೇನೆ. ನಿನ್ನ ಅಳಿಯ "ಬರಲಿ ಪಾಪ, ಅದು ಅವಳದೂ ಮನೆ" ಅಂದರು. ಅದನ್ನು ತಿರುಚಿ ಬರೆದೆ.

ಅಮ್ಮಾ, ಅವರು ಮಾಡುವ ಮುಖಗಳಲ್ಲಿ ಲಾಮೇ ಇದ್ದಾಳೆ. ಮೊದಮೊದಲು ನನ್ನ ಕಣ್ಣಿನ ದೋಷ ಅಂದುಕೊಂಡೆ. ಅದೇ ಅಗಲವಾದ ಹಣೆ, ಮೇಲೆದ್ದ ಅದೇ ಹುಬ್ಬು, ನಗು ತಡೆದುಕೊಂಡಂಥ ಅದೇ ತುಟಿ. ಹತ್ತು ಸೈನಿಕರು ಹತ್ತು ಥರ ಇರುತ್ತಾರೆ, ಹನ್ನೊಂದನೆಯವನು ಬಂದನೆಂದರೆ ಅವಳೇ. ಕವಚ ತೊಟ್ಟು, ತುರುಬು ಕಟ್ಟಿ, ನನ್ನ ಮುಂದಿನ ಹಲಗೆಯ ಮೇಲೆ ಬಂದು ಕೂರುತ್ತಾಳೆ. ನನ್ನ ಕೈಯಾರೆ ಅವಳಿಗೆ ಮೀಸೆ ಅಂಟಿಸಬೇಕು. ಅಂಟಿಸುತ್ತೇನೆ, ದಪ್ಪಗೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಹೋದ ಮೂರನೆಯ ವರ್ಷ, ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹುಡುಗರು ಹಳೆಯದೆಲ್ಲ ಹೋಗಬೇಕೆಂದು ಮನೆಮನೆ ಹೊಕ್ಕು ದೇವರನ್ನು ಒಡೆಯುತ್ತಿದ್ದರು. ಒಂದು ಸಂಜೆ ನಾನು ಬಟ್ಟೆ ಒಗೆದು ಬರುವಾಗ ಲಾಮೇಯೂ ಇವರೂ ದಾಳಿಂಬೆ ತೋಪಿನೊಳಗಿಂದ ಬಂದರು. ಲಾಮೇ ಅಳುತ್ತಿದ್ದಳು. ಇವರ ಕೈ ಅವಳ ಭುಜದ ಮೇಲಿತ್ತು. ಇಬ್ಬರಿಗೂ ಮೊಣಕೈ ತನಕ ಮಣ್ಣು. ನನ್ನನ್ನು ಕಂಡು ಕೈ ತೆಗೆದರು. ಮನೆಗೆ ಬಂದರೆ ದೇವರ ಗೂಡಿನಲ್ಲಿ ಮಣ್ಣಜ್ಜ ಇಲ್ಲ. "ಹುಡುಗರು ಹೊತ್ಕೊಂಡು ಹೋದ್ರು" ಅಂದರು ಇವರು. ಅಪ್ಪ ಬಾವಿ ತೋಡುವಾಗ ಸಿಕ್ಕ ಆ ಮಣ್ಣಿನ ತಲೆಯನ್ನು ಒಡೆಯಲು ಬಿಡದೆ ನೀನು ಗೂಡಿನಲ್ಲಿಟ್ಟೆ. ನೀನು ಹೇಳಿಕೊಟ್ಟಂತೆ ನಾನು ದಿನವೂ ತಲೆ ತಗ್ಗಿಸಿ, ಒಮ್ಮೆಯೂ ಕಣ್ಣೆತ್ತದೆ ಕೈಮುಗಿದೆ. ಅಂಥ ಅಜ್ಜ ಈ ಮನೆ ಬಿಟ್ಟು ಹೋದನೆಂದರೆ ಮನೆಯಲ್ಲಿ ಏನೋ ಹೊಲಸು ನಡೆದಿರಬೇಕು ಅಂದುಕೊಂಡೆ. ತಿಂಗಳೊಳಗೆ ಸಂಬಂಧ ಹುಡುಕಿ ಲಾಮೇಯನ್ನು ಮರಳುಗಾಡಿನ ರೈಲು ಹತ್ತಿಸಿದೆ.

ಈಗ "ಆಯಿತಾ ಅಂತ ಭಾವನನ್ನು ಕೇಳು" ಎಂದು ಬರೆದಿದ್ದಾಳೆ. ನನ್ನ ಮೂಲಕವೇ! ಕೇಳಿದೆ. ಇವರು ಕೈಯಲ್ಲಿದ್ದ ಬಿದಿರು ಕಡ್ಡಿ ಕೆಳಗಿಟ್ಟು, ಹೊಸ ಮದುಮಗನ ಹಾಗೆ ಕೆಂಪಗಾಗಿ, "ಇನ್ನೂ ಆಗ್ಲಿಲ್ಲ ಅಂತ ಬರಿ. ಅವಳೇ ಬಂದು ನೋಡಿ ಹೇಳ್ಬೇಕು ಅಂತ ಬರಿ" ಅಂದರು.

ಅದನ್ನು ನಾನು ಬರೆಯುತ್ತೇನೆಯೇ ಅಮ್ಮಾ? ಅವಳು ಆ ಮನೆಗೆ ಬಂದರೆ ನಾನು ಎಲ್ಲಿ ನಿಲ್ಲಲಿ?


ಹೆಯ್‌ಗೌ ಹಳ್ಳಿ
ಏಪ್ರಿಲ್ 20, 1982

ಲಾಮೇಗೆ,

ಒಣದ್ರಾಕ್ಷಿ ತಲುಪಿತು. ನಿನ್ನ ಭಾವ ಒಂದೊಂದನ್ನೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ತಿಂದರು. ನನಗೆ ಹಲ್ಲುನೋವು, ಮುಟ್ಟಲಿಲ್ಲ.

ನೀನು ಕೇಳು ಎಂದದ್ದನ್ನು ಕೇಳಿದೆ. ಇನ್ನೂ ಆಗಲಿಲ್ಲ ಎಂದರು. ಏನು ಆಗಬೇಕೋ ನನಗೆ ತಿಳಿಯದು, ತಿಳಿಯುವ ಆಸೆಯೂ ಇಲ್ಲ.

ಕೆಲಸ ಚೆನ್ನಾಗಿದೆ. ಮೊನ್ನೆ ಗೆಂಗ್ ಮೇಸ್ತ್ರಿ ನನ್ನ ಮೇಲೆ ಕೂಗಾಡಿದ. "ಏನತ್ತಿಗೆ, ಇದೇನು ಸೈನಿಕನಾ ಮೇಕೆಯಾ? ಬಾಯೇ ಕಾಣ್ತಿಲ್ಲ! ಇವ್ನು ಚಕ್ರವರ್ತೀನ ಕಾಯೋದು ಹೆಂಗೆ, ಗಂಜಿ ಕುಡಿಯೋಕೇ ಆಗಲ್ವಲ್ಲ!" ಅಂದ. ಗಂಡಸಿಗೆ ಮೀಸೆಯೇ ಲಕ್ಷಣ ಕಣಯ್ಯಾ ಎಂದೆ. "ಹಂಗಾದ್ರೆ ನಿಮ್ಮ ಯಜಮಾನ್ರಿಗೂ ಒಂದು ಅಂಟಿಸಿ" ಅಂದ. ಎಲ್ಲರೂ ನಕ್ಕರು. ನಿನ್ನ ಭಾವ ನಗಲಿಲ್ಲ. ಆ ಮೇಕೆಯ ಮೀಸೆಯನ್ನು ಮೆಲ್ಲಗೆ ಕಿತ್ತು, ಒದ್ದೆ ಬೆರಳಿನಿಂದ ತುಟಿಯನ್ನು ಸವರಿ ಸರಿಮಾಡಿದರು. ಅಷ್ಟು ನಯವಾಗಿ ಅವರು ನನ್ನ ಜ್ವರದ ಹಣೆಯನ್ನೂ ಮುಟ್ಟಿದ್ದಿಲ್ಲ.

ಪೂರ್ವದ ಕೋಣೆಯ ಮಾಡು ಸೋರುತ್ತಿದೆ. ಈ ವರ್ಷ ರಿಪೇರಿ ಆಗುವ ಹಾಗಿಲ್ಲ.

ಯೂಝೆನ್


ಹಾಮಿ
ಜೂನ್ 11, 1982

ಅಕ್ಕಾ,

ಮೊದಲು ಅಚ್ಚು, ಆಮೇಲೆ ಮಾಡು. ಮುಂದಿನ ಕಾಗದದಲ್ಲಿ ಗೋಡೆ ಬೀಳುತ್ತದೆಯೇನೋ.

ಕ್ವಾರ್ಟರ್ಸನ್ನು ಅಕ್ಟೋಬರ್ ಕೊನೆಗೆ ಬಿಡಬೇಕೆಂದು ಬಾಗಿಲಿಗೇ ಕಾಗದ ಅಂಟಿಸಿ ಹೋಗಿದ್ದಾರೆ. ಪಕ್ಕದ ಮನೆಯವಳು ತನ್ನ ಅಡುಗೆಮನೆಯ ಮೂಲೆಯಲ್ಲಿ ಹಾಸಿಗೆ ಹಾಕಿಕೋ ಎನ್ನುತ್ತಾಳೆ. ಒಳ್ಳೆಯವಳೇ, ಆದರೆ ಬೇರೆಯವರ ಒಲೆಯ ಪಕ್ಕ ಎಷ್ಟು ದಿನ ಮಲಗಲಿ? ನಿನಗೆ ಮನೆ ಇದೆ, ಒಲೆ ಇದೆ, ಅಮ್ಮನ ಸಮಾಧಿ ಕೂಗಳತೆಯಲ್ಲಿದೆ, ಹೊದಿಕೆ ಎಳೆದುಕೊಳ್ಳುವ ಗಂಡನಿದ್ದಾನೆ. ಇಲ್ಲಿ ಮಲಗಿ ಅದನ್ನೆಲ್ಲ ನೆನೆಸಿ ಹೊಟ್ಟೆ ಉರಿದುಕೊಂಡ ದಿನಗಳಿವೆ. ಕೋಪ ಮಾಡಿಕೊಳ್ಳಬೇಡ, ಇದ್ದದ್ದನ್ನು ಹೇಳಿದೆ.

ಇದು ಮೂರನೆಯ ಸಲ ಕೇಳುವುದು. ಬರಲೋ ಬೇಡವೋ?

ಲಾಮೇ


ಹೆಯ್‌ಗೌ ಹಳ್ಳಿ
ಜುಲೈ 2, 1982

ಲಾಮೇ,

ಬೇಡ.

ಇನ್ನು ಮುಚ್ಚಿಟ್ಟುಕೊಂಡು ನನಗೆ ಸಾಕಾಗಿದೆ. ನಾನು ಶಾಲೆ ಕಲಿತದ್ದು ಸ್ವಲ್ಪ, ನಯವಾಗಿ ಸುತ್ತಿ ಬರೆಯಲು ಬರುವುದಿಲ್ಲ.

ಹೋದ ವಾರ ಹೊರದೇಶದವರ ಒಂದು ಗುಂಪು ಬಂದಿತ್ತು. ಬುಟ್ಟಿ ತುಂಬ ಸೈನಿಕರಿದ್ದರೂ ಎಲ್ಲರಿಗೂ ಒಂದೇ ಮುಖ ಬೇಕಂತೆ. ಗೆಂಗ್ ಮೇಸ್ತ್ರಿ ಅದನ್ನು ಎತ್ತಿ ಹಿಡಿದು, "ಯಾರಣ್ಣಾ ಈ ಸುಂದರಿ? ಮೀಸೆ ತೆಗೆದ್ರೆ ನಾನೇ ಮದುವೆ ಆಗ್ತೀನಿ!" ಅಂದ. ಅಷ್ಟು ಜನರ ಮುಂದೆ ನಿನ್ನ ಭಾವ ತಲೆ ತಗ್ಗಿಸಿದರು. ಅಲ್ಲಗಳೆಯಲಿಲ್ಲ.

ಮನೆಗೆ ಬಂದವಳೇ ಪೂರ್ವದ ಕೋಣೆಗೆ ಹೋದೆ. ಅಚ್ಚುಗಳ ಹಿಂದೆ, ಅಮ್ಮನ ದಿಂಬಿನ ಜಾಗದಲ್ಲಿ, ಒದ್ದೆ ಬಟ್ಟೆ ಹೊದಿಸಿದ ಒಂದು ತಲೆ ಇತ್ತು. ಮಾರುವ ಅಳತೆಯದಲ್ಲ, ನಿಜವಾದ ಮನುಷ್ಯರ ತಲೆಯಷ್ಟು ದೊಡ್ಡದು. ಬಟ್ಟೆ ಎತ್ತಿದೆ. ನೀನು. ಇಪ್ಪತ್ತನಾಲ್ಕು ವರ್ಷದ ನೀನು, ಮದುವೆಯ ಹಿಂದಿನ ದಿನ ಇದ್ದ ಹಾಗೆ. ನನ್ನ ಮನೆಯಲ್ಲಿ, ನನ್ನ ಅಮ್ಮನ ಮಂಚದ ಮೇಲೆ, ಬಟ್ಟೆ ಒಣಗದಂತೆ ದಿನಕ್ಕೆರಡು ಸಲ ನೀರು ಚಿಮುಕಿಸಿ ನಿನ್ನನ್ನು ಸಾಕುತ್ತಿದ್ದಾರೆ.

ಹೆಬ್ಬೆರಳಿಟ್ಟು ನಿನ್ನ ಮೂಗನ್ನು ಚಪ್ಪಟೆ ಮಾಡಿದೆ. ಒತ್ತುವಾಗ ಸುಖವಾಯಿತು. ದೇವರು ನನ್ನನ್ನು ಕ್ಷಮಿಸಲಿ, ಕ್ಷಮಿಸದಿದ್ದರೂ ಸರಿ. ಅವರು ಬಂದು ನೋಡಿದರು. ಕೂತು ಮತ್ತೆ ಮೂಗು ಕಟ್ಟಿದರು.

ಆ ಸಂಜೆ ನೀವಿಬ್ಬರೂ ತೋಪಿನಿಂದ ಬಂದದ್ದನ್ನು ನಾನು ಮರೆತಿದ್ದೇನೆ ಅಂದುಕೊಂಡೆಯಾ? ನನ್ನ ತಂಗಿಗೆ ಯಾಕೆ ಕಣ್ಣೀರು, ನನ್ನ ಗಂಡನಿಗೆ ಯಾಕೆ ಮಣ್ಣು ಎಂದು ಹದಿನಾರು ವರ್ಷದಿಂದ ಯಾರನ್ನೂ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ನೀನು ಅಲ್ಲೇ ಇರು.

ಯೂಝೆನ್


ಹಾಮಿ
ಸೆಪ್ಟೆಂಬರ್ 1, 1982

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಒಲೆಗೆ ಹಾಕಲು ಹೋದೆ. ಎರಡು ಸಲವೂ ಒಲೆ ಪಕ್ಕದ ಮನೆಯವಳದು ಎಂಬ ನೆನಪಾಗಿ ವಾಪಸು ತೆಗೆದುಕೊಂಡೆ. ಅಕ್ಟೋಬರಿಗೆ ಕಾಯದೆ ಅವಳ ಅಡುಗೆಮನೆ ಮೂಲೆಗೆ ಆಗಲೇ ಬಂದುಬಿಟ್ಟಿದ್ದೇನೆ.

ಉತ್ತರವೇ ಬರೆಯಬಾರದು ಎಂದಿದ್ದೆ. ಆದರೆ ಹೀಗೆ ತಿಳಿದುಕೊಂಡೇ ನೀನು ಸತ್ತರೆ, ಅಲ್ಲಿ ಅಮ್ಮನ ಮುಂದೆ ನನ್ನ ಮೇಲೆ ದೂರು ಹೇಳುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ. ಮಣ್ಣಜ್ಜನ ಮುಖ ಹೇಗಿತ್ತು ಹೇಳು.

ನಿನ್ನಿಂದ ಹೇಳಲಾಗದು. ನೀನು ಒಂದು ದಿನವಾದರೂ ತಲೆ ಎತ್ತಿದ್ದರೆ ತಾನೇ! ನಿನಗೆ ಗೊತ್ತಿದ್ದದ್ದು ಊದುಬತ್ತಿಯ ಬಟ್ಟಲು, ಅಜ್ಜನ ಕತ್ತಿನ ಕೆಳಗಿನ ಒಡಕು. ನಾನು ಭಕ್ತೆಯಲ್ಲ, ಕಳ್ಳಿ. ಗೂಡಿನ ಕಟ್ಟೆ ಹತ್ತಿ ಅಜ್ಜನ ಮುಂದಿಟ್ಟ ಒಣ ಬೋರೆಹಣ್ಣು ಕದಿಯುತ್ತಿದ್ದೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಒಂದು ದಿನ ಅಮ್ಮನ ಕೈಗೆ ಸಿಕ್ಕಿಬಿದ್ದೆ. ಹೊಡೆಯುತ್ತಾಳೆ ಅಂದುಕೊಂಡರೆ ಅವಳು ನನ್ನನ್ನೂ ಅಜ್ಜನನ್ನೂ ನೋಡಿ ನಕ್ಕಳು. "ನೀನು ಹೊಟ್ಟೇಲಿದ್ದಾಗ ದಿನಾ ಇವನ ಮುಖಾನೇ ನೋಡ್ತಾ ಕೂತಿದ್ದೆ ಕಣೇ, ಅದಕ್ಕೇ ಅಜ್ಜನ ಹಣೆ, ಅಜ್ಜನ ಹುಬ್ಬು ಹೊತ್ಕೊಂಡು ಹುಟ್ಟಿದ್ದೀಯ. ಅಕ್ಕಂಗೆ ಹೇಳ್ಬೇಡ, ನೊಂದ್ಕೊತಾಳೆ" ಅಂದಳು. ಹೇಳಲಿಲ್ಲ. ಆ ಮಾತು ಆಗ ಮನೆಯಲ್ಲಿದ್ದ ಭಾವನ ಕಿವಿಗೂ ಬಿದ್ದಿತ್ತು.

ಹುಡುಗರು ಅಜ್ಜನನ್ನು ಹೊತ್ತುಕೊಂಡು ಹೋಗಲಿಲ್ಲ. ಅವರು ಬರುವುದಕ್ಕೆ ಮೊದಲು ನಾವೇ ಎತ್ತಿಕೊಂಡು ಹೋದೆವು. ಯಾರಾದರೂ ಕೇಳಿದರೆ ನೀನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೀಯ ಎಂದು ನಿನಗೆ ತಿಳಿಸಲಿಲ್ಲ. ತೋಪಿನ ಕಾಲುವೆ ದಾಟುವಾಗ ಭಾವನ ಕಾಲು ಜಾರಿತು. ಅಜ್ಜ ಕಲ್ಲಿನ ಮೇಲೆ ಬಿದ್ದ. ಮುಖ ಪುಡಿಪುಡಿ. ತುಂಡುಗಳನ್ನು ಕೈಯಿಂದಲೇ ಮಣ್ಣು ತೋಡಿ ಹೂತೆವು. ನಾನು ಅತ್ತದ್ದು ಅದಕ್ಕೆ. ಭಾವ ನನ್ನ ಭುಜ ಹಿಡಿದು ಏನೆಂದರು ಗೊತ್ತಾ? "ಒಡೆದೋಯ್ತು ಅಂತ ಗೊತ್ತಾದ್ರೆ ಅವಳು ಅನ್ನ ಬಿಟ್ಟುಬಿಡ್ತಾಳೆ. ಯಾರೋ ತಗೊಂಡ್ ಹೋದ್ರು ಅಂದ್ರೆ ಎಲ್ಲೋ ಇದ್ದಾನೆ ಅಂತ ಆದ್ರೂ ಬದುಕ್ತಾಳೆ. ಕಾಲ ಬಂದಾಗ ನಾನೇ ಮಾಡಿ ಗೂಡಲ್ಲಿ ಇಡ್ತೀನಿ." ಅವರು ಅಜ್ಜನ ಮುಖ ನೋಡಿದ್ದು ದೂರದಿಂದ, ಊದುಬತ್ತಿಯ ಹೊಗೆಯ ಹಿಂದೆ ಮಾತ್ರ. ಹತ್ತಿರದಿಂದ ನೋಡಿದವಳು ನಾನೊಬ್ಬಳೇ. ಸರಿಯಾಯಿತೋ ಇಲ್ಲವೋ ನಾನು ಬಂದು ಹೇಳಬೇಕೆಂದು ಮಾತಾಗಿತ್ತು. ಆಯಿತಾ ಎಂದು ಕೇಳಿದ್ದು ಅದನ್ನು.

ಅವರು ನನ್ನ ಮುಖ ಮಾಡುತ್ತಿದ್ದಾರೆ ಎನ್ನುವುದು ಸುಳ್ಳಲ್ಲ. ಅಜ್ಜನ ಮುಖ ಇನ್ನೆಲ್ಲಿ ಉಳಿದಿದೆ ಹೇಳು?

ಯಾರ ಮೂಗನ್ನು ಒತ್ತಿದೆ ಎಂದು ಈಗ ಕೂತು ಯೋಚಿಸು. ಯಾರಿಗೆ ಮೇಕೆಯ ಮೀಸೆ ಅಂಟಿಸಿದೆ ಎಂದೂ ಯೋಚಿಸು. ಯಾವುದಕ್ಕಾಗಿ ನನ್ನನ್ನು ಮರಳಿಗೆ ಕಳಿಸಿದೆ ಎಂದೂ.

ಇನ್ನು ನಾನು ಕೇಳುವುದಿಲ್ಲ.

ಲಾಮೇ


ಹೆಯ್‌ಗೌ ಹಳ್ಳಿ
ಸೆಪ್ಟೆಂಬರ್ 19, 1982

ತಂಗಿ ಲಾಮೇಗೆ,

ಕಾಗದವನ್ನು ಕೆಲಸದ ಜಾಗದಲ್ಲೇ ಓದಿದೆ. ಎದ್ದು ನಿನ್ನ ಭಾವನ ಮುಂದೆ ಹೋಗಿ ನಿಂತೆ.

"ತೋಪಲ್ಲಿ ಏನು ಹೂತಿದ್ದೀರಿ?" ಅಂದೆ.

ಅವರು ನನ್ನ ಕೈಯಲ್ಲಿದ್ದ ಕಾಗದ ನೋಡಿದರು. "ಹೇಳಿಬಿಟ್ಟಳಾ?"

"ನೀವು ಹೇಳ್ಬೇಕಿತ್ತು."

"ಮಾಡಿ ತೋರಿಸಿ ಹೇಳೋಣ ಅಂತಿದ್ದೆ. ಮಾಡಿದ್ದು ಒಂದೂ ಸರಿಹೋಗ್ಲಿಲ್ಲ."

"ಮೂಗು ಒತ್ತಿದಾಗ್ಲಾದ್ರೂ ಬಾಯಿ ಬಿಡ್ಬಾರದಿತ್ತಾ?"

"ಹೇಳಿದ್ರೆ ನಿನ್ನ ಮುಖ ಹೆಂಗಾಗುತ್ತೋ ಅಂತ ಭಯ ಆಯ್ತು ಕಣೇ" ಅಂದರು. ಗೆಂಗ್ ಮೇಸ್ತ್ರಿ ದೂರದಿಂದ "ಏನು ಗಂಡ ಹೆಂಡ್ತಿ ಗುಸುಗುಸು? ಮೀಸೆ ಕಾಯ್ತಿದೆ!" ಎಂದು ಕೂಗಿದ. ನಿನ್ನ ಮೀಸೆ ನೀನೇ ಅಂಟಿಸ್ಕೋ ಎಂದು ಹೇಳಿ ಮನೆಗೆ ಬಂದೆ.

ದಾರಿಯಲ್ಲಿ ತೋಪಿಗೆ ಹೋಗಿದ್ದೆ. ಕಾಲುವೆ ಪಕ್ಕದ ಮರ ಈಗ ದೊಡ್ಡದಾಗಿದೆ, ಹಣ್ಣುಗಳು ಬಿರಿಯುತ್ತಿವೆ. ಅಗೆಯಲಿಲ್ಲ. ಬೇರು ಹಿಡಿದುಕೊಂಡಿರುತ್ತದೆ, ಇರಲಿ. ಕೈಮುಗಿದೆ, ತಲೆ ತಗ್ಗಿಸಲಿಲ್ಲ.

ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ತಿಳಿಯಬೇಡ. ಅದು ಜಾಗ ಬದಲಾಯಿಸಿದೆ ಅಷ್ಟೆ. ಅಮ್ಮ ನಿನ್ನನ್ನು ಹೊತ್ತಾಗ ದೇವರ ಮುಖ ನೋಡುತ್ತಾ ಕೂತಳು. ನನ್ನನ್ನು ಹೊತ್ತಾಗ ಗೋಧಿ ಬಡಿಯುತ್ತಿದ್ದಳಂತೆ, ಅದಕ್ಕೇ ನನಗೆ ಈ ಕಣದಂಥ ಮುಖ. ಇಷ್ಟು ವರ್ಷ ನಾನು ಕೈಮುಗಿದ ಮುಖವನ್ನು ಬೋರೆಹಣ್ಣಿನ ಕಳ್ಳಿ ಮುಖದ ಮೇಲೇ ಹೊತ್ತು ತಿರುಗಿದಳಲ್ಲ ಎಂದು ನೆನೆದರೆ ಈಗಲೂ ಉರಿಯುತ್ತದೆ. ನಿನ್ನನ್ನು ಆ ರೈಲು ಹತ್ತಿಸಿದ್ದಕ್ಕೆ ಏನು ಹೇಳಬೇಕೋ ಕಾಗದದಲ್ಲಿ ನನಗೆ ಬರೆಯಲು ಬರುವುದಿಲ್ಲ. ಎದುರಿಗೆ ಬಂದು ಬೈದುಬಿಡು, ಕೇಳಿಸಿಕೊಳ್ಳುತ್ತೇನೆ.

ಅಚ್ಚುಗಳನ್ನೆಲ್ಲ ಕೊಟ್ಟಿಗೆಗೆ ಸಾಗಿಸಿದೆ. ಮಾಡು ಯಾವತ್ತೂ ಸೋರುತ್ತಿರಲಿಲ್ಲ. ಅಮ್ಮನ ಮಂಚದ ಕೆಳಗೆ ಬೆಂಕಿ ಹಾಕಿ ತೇವ ಆರಿಸಿದ್ದೇನೆ, ಹೊಸ ಹತ್ತಿಯ ಹೊದಿಕೆ ಹೊಲಿದಿದ್ದೇನೆ.

ನಿನ್ನೆ ನಾವಿಬ್ಬರೂ ಆ ದೊಡ್ಡ ತಲೆಯನ್ನು ಗೂಡಿನ ಕಟ್ಟೆಯ ಮೇಲಿಟ್ಟು ಎದುರು ಕೂತೆವು. ನೆಟ್ಟಗೆ ಕಣ್ಣಿಟ್ಟು ನೋಡಿದೆ. ಮೂಗಿನ ಪಕ್ಕ ನನ್ನ ಹೆಬ್ಬೆರಳಿನ ಗೆರೆ ಒಂದಿಷ್ಟು ಉಳಿದಿದೆ, ಅಳಿಸಬೇಡಿ ಎಂದೆ. ಆಮೇಲೆ ಮಣ್ಣು ಹೊಸೆದು, ರಾಡಿ ಕಲಸಿ, ಕೈ ಮುಂದೆ ಮಾಡಿ, ಅಲ್ಲೇ ನಿಲ್ಲಿಸಿದೆ.

"ಅಜ್ಜನಿಗೆ ಮೀಸೆ ಇತ್ತಾ?" ಅಂದೆ.

"ಇತ್ತೇನೋ" ಅಂದರು ನಿನ್ನ ಭಾವ. ತಲೆಯ ಹತ್ತಿರ ಬಗ್ಗಿ ನೋಡಿ, "ಇರ್ಲಿಲ್ವೇನೋ. ಹೊಗೆ ತುಂಬ ಇರೋದು" ಅಂದರು.

ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಗೊತ್ತಿರುವವಳು ಹಾಮಿಯಲ್ಲಿ ಬೇರೆಯವರ ಒಲೆಯ ಪಕ್ಕ ಮಲಗಿದ್ದಾಳೆ. ಹೊಸೆದ ಮೀಸೆಯನ್ನು ಬಟ್ಟಲಿನಲ್ಲಿ ಮುಚ್ಚಿಟ್ಟಿದ್ದೇನೆ. ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿದ್ದೇನೆ, ಬೆಳಿಗ್ಗೆ ಸಂಜೆ ನಾನೇ ನೀರು ಚಿಮುಕಿಸುತ್ತೇನೆ. ಆದರೂ ಈಗ ಒಣಗಾಳಿ ಬೀಸುವ ಕಾಲ, ಮಣ್ಣು ಹೆಚ್ಚು ದಿನ ಕಾಯುವುದಿಲ್ಲ. ಒಣಗಿದ ಮೇಲೆ ಮೀಸೆ ಅಂಟುವುದಿಲ್ಲ.

ಬೇಗ ಬಾ.

ನಿನ್ನ ಅಕ್ಕ,
ಯೂಝೆನ್